ಗಾಡಿಗೆ ಮೊದಲ ನೀರು

ಜೂನ್ 3, 2025, ಮಂಗಳವಾರ

ಇದು ನನ್ನ ಗಂಡನ ಆರ್ಡರ್ ಡೈರಿ, ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಟ್ಟ ಲೆಕ್ಕದ್ದು. ಏಪ್ರಿಲ್ ಒಂಬತ್ತರವರೆಗೆ ಅವರ ಅಕ್ಷರ, ಅಲ್ಲಿಂದಾಚೆ ಖಾಲಿ. ಖಾಲಿ ಹಾಳೆ ಬಂದ ಕೂಡಲೇ ಡೈರಿ ಮುಚ್ಚಿಬಿಡುತ್ತೇನೆ. ತುಂಬಿಸಿಬಿಟ್ಟರೆ ನೋಡುವ ಕಷ್ಟ ತಪ್ಪುತ್ತದೆ ಎಂದು ಬರೆಯಲು ಕುಳಿತಿದ್ದೇನೆ. ಓದುವವರು ಯಾರೂ ಇಲ್ಲ. ಮಕ್ಕಳಾಗಲಿಲ್ಲ, ಅಕ್ಕಯಮ್ಮನಿಗೆ ಓದು ಬರುವುದಿಲ್ಲ.

ಅಕ್ಕಯಮ್ಮ ಎಂದರೆ ನನ್ನ ಅತ್ತೆ. ಇಪ್ಪತ್ತು ವರ್ಷ ಬಾಯ್ತುಂಬ ಅತ್ತೆಮ್ಮ ಎಂದು ಕರೆದವಳು ನಾನು. ಈಗ ಆ ಪದ ಬರೆಯಲು ಕೈ ಏಳುವುದಿಲ್ಲ. ಇಲ್ಲಿ ಹೆಸರನ್ನೇ ಬರೆಯುತ್ತೇನೆ.

ಇವತ್ತು ಉತ್ತರಹಳ್ಳಿಯಿಂದ ಅವರ ಕಡೆಯವರಿಬ್ಬರು ಮಾತಾಡಿಸಲು ಬಂದಿದ್ದರು. ಅಕ್ಕಯಮ್ಮ ಜಗಲಿಯ ಮೇಲೆ ಕುಳಿತು ಮತ್ತೆ ಅದೇ ಕಥೆ ಹೇಳಿದರು. ಕುರ್ಚಿ, ಪಾತ್ರೆ ತುಂಬಿಕೊಂಡು ಮಗ ಕೆಂಪರಾಜು ವಿಲ್ಸನ್ ಗಾರ್ಡನ್ನಿನ ನಾಮಕರಣಕ್ಕೆ ಹೊರಟಿದ್ದು, ಸಿದ್ದಾಪುರದ ಹತ್ತಿರ ಲಾಲ್‌ಬಾಗ್ ಕಾಂಪೌಂಡಿನ ಪಕ್ಕ ಗಾಡಿ ಹೀಟ್ ಆಗಿ ನಿಂತಿದ್ದು, ಎದೆ ಉರಿಯುತ್ತಿದೆ, ಗ್ಯಾಸ್ಟ್ರಿಕ್ ಇರಬೇಕು ಎಂದು ಮನೆಗೆ ಫೋನ್ ಮಾಡಿದ್ದು, ಎಂಜಿನ್ ಆರಲೆಂದು ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾದು ಅಲ್ಲೇ ಕುಸಿದದ್ದು. ಕಥೆಯ ಕೊನೆಯ ಸಾಲು ಯಾವಾಗಲೂ ಒಂದೇ.

“ಗಾಡಿ ಬಿಟ್ಟು ಬರಬ್ಯಾಡಿ ಅಂದ್ಲು ಕಣವ್ವ ಇವ್ಳು, ಫೋನಲ್ಲಿ. ನಾನೇ ಕಿವಿಯಾರೆ ಕೇಳ್ದೆ.”

ಹೌದು, ಅಂದೆ. ಹಿಂದಿನ ವರ್ಷ ಗಾಡಿ ಬಿಟ್ಟು ಊಟಕ್ಕೆ ಹೋದಾಗ ಯಾರೋ ಎರಡು ದೊಡ್ಡ ಪಾತ್ರೆ ಎತ್ತಿಕೊಂಡು ಹೋಗಿದ್ದರು. ಅದು ನೆನಪಾಗಿ ಅಂದೆ. ಎದೆ ಉರಿಗೆ ಒಂದು ಸೋಡಾ ಕುಡಿಯಿರಿ ಎಂದೂ ಅಂದೆ. ಅದನ್ನು ಅಕ್ಕಯಮ್ಮ ಯಾರಿಗೂ ಹೇಳುವುದಿಲ್ಲ, ಕೇಳಿಸಿರಲಿಕ್ಕಿಲ್ಲ. ಇನ್ನೂ ಅರ್ಧ ಗಂಟೆ ಮುಂಚೆ ತಂದಿದ್ದರೆ ಎಂದು ಡಾಕ್ಟರು ಅಂದರು. ಅವರು ಅಂದು ಹೋದರು, ಆ ಅರ್ಧ ಗಂಟೆ ನಮ್ಮ ಮನೆಯಲ್ಲೇ ಉಳಿದಿದೆ.

ಜೂನ್ 7, ಶನಿವಾರ

ಗಾಡಿ ಮಾರಲು ನಿಶ್ಚಯಿಸಿದ್ದೆ. ಹತ್ತೊಂಬತ್ತು ವರ್ಷದ ಪಿಕಪ್ಪು. ಎರಡು ತಿಂಗಳಿಂದ ಮನೆ ಮುಂದೆ ನಿಂತಿದೆ, ಬಾಗಿಲು ತೆಗೆದರೆ ಅದರ ಮುಖವೇ ಎದುರಿಗೆ.

ಅಕ್ಕಯಮ್ಮ ಅದಕ್ಕೆ ನೀರು ಹೊಯ್ಯುವುದನ್ನು ಇನ್ನೂ ಬಿಟ್ಟಿಲ್ಲ. ಇಟ್ಟಮಡುವಿನಲ್ಲಿ ಇವರಿಗೆ ಹೊಲವಿದ್ದ ಕಾಲದಲ್ಲಿ, ಎತ್ತಿಗೆ ನೀರು ಕುಡಿಸದೆ ಮನೆಯವರು ಬಾಯಿ ಮುಕ್ಕಳಿಸುತ್ತಿರಲಿಲ್ಲವಂತೆ. ಹೊಲ ಹೋಗಿ ಸೈಟಾಯಿತು, ಎತ್ತು ಹೋಗಿ ಗಾಡಿ ಬಂತು, ಚೊಂಬು ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಮಾವ ಬೋರಣ್ಣ ಕೊರೆಸಿದ ಬೋರ್‌ವೆಲ್ಲಿನಿಂದ ಒಂದು ಚೊಂಬು ಹಿಡಿದು, ಒಂದು ಹನಿ ತಮ್ಮ ನಾಲಿಗೆಗೆ ಇಟ್ಟುಕೊಂಡು, ಉಳಿದದ್ದು ಗಾಡಿಗೆ. ಬಾಯಿಲ್ಲದ ಪ್ರಾಣಿಗೆ ಕೊಡುವ ನೀರನ್ನು ನಾವು ರುಚಿ ನೋಡಿ ಕೊಡಬೇಕು ಎನ್ನುವುದು ಅವರ ಶಾಸ್ತ್ರ. ಅವರ ಮಗ ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳ ತಿರುಗಿಸಿ ಹಿಡಿಯುತ್ತಿದ್ದರು, ಇವರು ಹೊಯ್ಯುತ್ತಿದ್ದರು. ಈಗ ಬಾನೆಟ್ ಎತ್ತುವವರಿಲ್ಲ. ಮುಂದಿನ ಚಕ್ರದ ಮೇಲೆ ಹೊಯ್ದು ಬರುತ್ತಾರೆ. ನಾನು ಗುಡಿಸಿದ ಅಂಗಳವೆಲ್ಲ ಕೆಸರು.

ಪ್ರಮೋದ್ ಗಿರಾಕಿ ಕರೆತಂದಿದ್ದ. ಪ್ರಮೋದ್ ನನ್ನ ಗಂಡನ ಚಿಕ್ಕಪ್ಪನ ಮಗ, ಪದ್ಮನಾಭನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಓಡಿಸಿ ನೋಡಲು ಹೊರಟೆವು. ಕತ್ರಿಗುಪ್ಪೆ ತಲುಪುವ ಮೊದಲೇ ಎಂಜಿನ್ನಿನ ಬಿಸಿ ತೋರಿಸುವ ಸೂಜಿ ಕೆಂಪಿಗೇರಿತು, ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಗಿರಾಕಿ ಇಳಿದು, ಇದನ್ನು ಗುಜರಿಗೆ ಹಾಕಿ ಮೇಡಂ ಎಂದು ಹೇಳಿ, ಆಟೊ ಹಿಡಿದು ಹೋದ.

ಅಲ್ಲೇ ರಸ್ತೆ ಬದಿಯಲ್ಲಿ ನನಗೆ ಹೊಳೆಯಿತು. ಮಾರ್ಚಿನಲ್ಲಿ ಇದೇ ಪ್ರಮೋದ್ ಮನೆ ಬದಲಿಸುವಾಗ ಎರಡು ದಿನ ಗಾಡಿ ಒಯ್ದಿದ್ದ. ನೀರು ನೋಡಿದ್ದೆಯಾ ಎಂದು ಕೇಳಿದೆ. ನೋಡಿದ್ದೆ ಎನ್ನುವಾಗ ಅವನ ಮುಖ ಸುಣ್ಣವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಒಣಗಿಸಿ ಓಡಿಸಿದೆ, ನನ್ನ ಗಂಡ ಹೋದರು ಎಂದೆ. ನಡುರಸ್ತೆಯಲ್ಲಿ, ನಾಲ್ಕು ಜನರ ಮುಂದೆ. ಅವನು ತಲೆ ತಗ್ಗಿಸಿ ನಿಂತಿದ್ದ.

ಈಗ ಮಾರುವುದಿಲ್ಲ. ಈ ಎಂಜಿನ್ ಕೆಡಿಸಿದವರು ಯಾರೆಂದು ನನಗೆ ತಿಳಿಯಬೇಕು. ತಿಳಿದರೆ ಅಕ್ಕಯಮ್ಮನ ಕಥೆಯ ಕೊನೆಯ ಸಾಲಿನಲ್ಲಿ ನನ್ನ ಬದಲು ಅವರ ಹೆಸರು ಬರುತ್ತದೆ.

ಜೂನ್ 9, ಸೋಮವಾರ

ಮರುಳಸಿದ್ದಪ್ಪನವರನ್ನು ಕರೆಸಿದೆ. ಅರವತ್ತು ದಾಟಿದ ಮೆಕ್ಯಾನಿಕ್ಕು, ಗಾಡಿಯನ್ನು ಹೊಸದರಿಂದ ಬಲ್ಲವರು. ಹತ್ಯಾರು ಮುಟ್ಟುತ್ತಾರೆ ಎಂದುಕೊಂಡರೆ ಬಾಗಿಲ ಮೆಟ್ಟಿಲ ಮೇಲೆ ಕುಳಿತು ವೈದ್ಯರ ಹಾಗೆ ಪ್ರಶ್ನೆ ಕೇಳಿದರು. ಯಾವಾಗ ಕಾಯುತ್ತದೆ? ನಿಂತಾಗಲೋ, ಓಡುವಾಗಲೋ? ಲೋಡ್ ಇದ್ದಾಗಲೋ, ಖಾಲಿ ಇದ್ದಾಗಲೋ? ಏರಿನಲ್ಲೋ, ಟ್ರಾಫಿಕ್ಕಿನಲ್ಲೋ?

ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಮರುವರ್ಷ ಬಂದ ಗಾಡಿ. ಅದರಲ್ಲಿ ಅವರ ಪಕ್ಕ ಕುಳಿತು ಎಷ್ಟು ಸಲ ಹೋಗಿದ್ದೇನೆ. ಸೂಜಿ ಎಲ್ಲಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಪಕ್ಕದಲ್ಲಿ ಸಿದ್ದಪ್ಪನವರನ್ನು ಕೂರಿಸಿಕೊಂಡು ನಾನೇ ಓಡಿಸಿದೆ. ಲೈಸೆನ್ಸ್ ಇದೆ, ಕಾರು ಓಡಿಸಿ ಗೊತ್ತು, ಆದರೂ ಸ್ಟೀರಿಂಗ್ ಕಲ್ಲಿನ ಹಾಗಿತ್ತು. ನಿಂತಾಗ ಸೂಜಿ ನಿಧಾನ. ಓಡಿದಾಗ, ಏರು ಬಂದಾಗ ಬೇಗ ಏರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ ಅಮ್ಮ ಎಂದರು. ಬರೆದಿದ್ದೇನೆ.

ಜೂನ್ 11, ಬುಧವಾರ

“ಸಾಕ್ಷಿ ಹೇಳೋನು ಸುಳ್ಳು ಹೇಳ್ತಿಲ್ಲ ಅಂತ ಮೊದ್ಲು ನೋಡ್ಬೇಕು” ಎಂದು ಸಿದ್ದಪ್ಪನವರು ಸೂಜಿಯನ್ನೇ ಪರೀಕ್ಷೆಗೆ ಹಿಡಿದರು. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಸರಿಯಿದ್ದು ಸೂಜಿಯ ವೈರು ಕೆಟ್ಟಿರುತ್ತದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಜನ ಎಂಜಿನ್ ಬಿಚ್ಚಿಸುತ್ತಾರಂತೆ. ನಮ್ಮ ಸೂಜಿ ಸತ್ಯವಂತ. ಬೆಲ್ಟು ಹಳೆಯದು, ಆದರೆ ಬಿಗಿಯಾಗಿದೆ. ಮುಚ್ಚಳದ ಸ್ಪ್ರಿಂಗು ಸರಿಯಿದೆ.

ಅವರು ಹೇಳಿದಂತೆ ಎಂಜಿನ್ ಓಡುವಾಗ ಕೆಳಗೆ ಹಳೆಯ ಪೇಪರು ಹಾಸಿದೆ. ವಾಟರ್ ಪಂಪಿನ ಕೆಳಗೆ ರೂಪಾಯಿಯಗಲ ಒದ್ದೆ. ಹನಿ ಹನಿಯಾಗಿ ಸೋರುತ್ತದೆ, ದಿನಕ್ಕೊಂದು ಚೊಂಬು ಬೇಕಾಗಿದ್ದು ಅದಕ್ಕೇ. ಆದರೆ ನೀರು ಬೀಳುತ್ತಲೇ ಇದ್ದರೆ ಅಷ್ಟು ಸೋರಿಕೆಯಿಂದ ಗಾಡಿ ಕಾಯುವುದಿಲ್ಲವಂತೆ. ಪ್ರಮೋದ್ ಆ ಚೊಂಬನ್ನು ತಪ್ಪಿಸಿದ್ದಾನೆ ಎಂದೆ. ಸಿದ್ದಪ್ಪನವರು ಕೈ ಒರೆಸಿಕೊಂಡರು.

ಜೂನ್ 14, ಶನಿವಾರ

ಇವತ್ತು ಅಡುಗೆಮನೆಯಲ್ಲಿ ಎಂಜಿನ್ನಿನ ಭಾಗ ಬೇಯಿಸಿದೆ. ಥರ್ಮೋಸ್ಟಾಟ್ ಎಂಬ ಪುಟ್ಟ ವಾಲ್ವು. ನೀರು ಕಾದಾಗ ಅದು ಬಾಯಿ ತೆರೆದು ರೇಡಿಯೇಟರಿಗೆ ದಾರಿ ಬಿಡಬೇಕು, ತೆರೆಯದಿದ್ದರೆ ಎಂಜಿನ್ ಕಾಯುತ್ತದೆ. ನೀವೇ ನೋಡಿಬಿಡಿ ಎಂದು ಸಿದ್ದಪ್ಪನವರು ಬಿಚ್ಚಿ ಕೈಗಿಟ್ಟು ಹೋಗಿದ್ದರು.

ಊಟದ ಪಾತ್ರೆ ಬೇಡವೆಂದು ಸ್ನಾನದ ನೀರು ಕಾಯಿಸುವ ಹಳೆಯ ಪಾತ್ರೆ ಇಟ್ಟೆ. ಒಳಗೆಲ್ಲ ಬೆರಳಗಲ ಬಿಳಿಯ ಗಾರೆ ಕಟ್ಟಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವಾಲ್ವಿಗೆ ದಾರ ಕಟ್ಟಿ ಇಳಿಬಿಟ್ಟೆ. ಅಕ್ಕಯಮ್ಮ ಬಂದು ಬಾಗಿಲಲ್ಲಿ ನಿಂತರು. ಕಬ್ಬಿಣದ ಸಾರು ಮಾಡ್ತಿದ್ದೀಯಾ ಎಂದರು. ನಾನು ಒಲೆಯ ಉರಿ ಹೆಚ್ಚಿಸಿದೆ. ಆದರೂ ಹೋಗದೆ ನಿಂತರು. ನೀರು ಕುದಿ ಬರುವ ಹೊತ್ತಿಗೆ ವಾಲ್ವು ಮೆಲ್ಲಗೆ ಅಲುಗಿತು.

“ಬಾಯಿ ಬಿಡ್ತು ನೋಡು” ಎಂದರು.

ನನ್ನೊಂದಿಗೆ ಅವರು ಎರಡು ತಿಂಗಳಲ್ಲಿ ಆಡಿದ ಬೇರೆ ವಿಷಯದ ಮಾತು ಇದೊಂದೇ ಇರಬೇಕು. ವಾಲ್ವು ಸರಿಯಿದೆ ಎಂದು ಸಂತೋಷ ಪಡಬೇಕೋ ಬೇಡವೋ ತಿಳಿಯಲಿಲ್ಲ.

ಜೂನ್ 18, ಬುಧವಾರ

ಮತ್ತೆ ಯಾರೋ ಬಂದಿದ್ದರು. ಅದೇ ಕಥೆ, ಅದೇ ಕೊನೆಯ ಸಾಲು. ಊಟ ಸೇರಲಿಲ್ಲ.

ಜೂನ್ 23, ಸೋಮವಾರ

ಇವತ್ತು ತೀರ್ಮಾನವಾಗಬೇಕಿತ್ತು. ನೀರಿಲ್ಲದೆ ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್, ಎಂದರೆ ಎಂಜಿನ್ನಿನೊಳಗೆ ನೀರು, ಆಯಿಲು ಬೆರೆಯದಂತೆ ತಡೆಯುವ ಹಾಳೆ, ಸುಟ್ಟಿರುತ್ತದೆ. ಆಗ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತದೆ, ಆಯಿಲು ಹಾಲು ಬೆರೆತ ಕಾಫಿಯಂತಾಗುತ್ತದೆ. ನಿಜ ಬರೆಯಬೇಕೆಂದರೆ ಹಾಗೇ ಆಗಿರಲಿ ಎಂದು ಮನಸ್ಸಿನಲ್ಲೇ ಬನಶಂಕರಮ್ಮನಿಗೆ ಕೈ ಮುಗಿದೆ. ಕೆಟ್ಟದ್ದನ್ನು ಬೇಡಿಕೊಂಡ ಮೊದಲ ಸಲ ಇದು.

ಗುಳ್ಳೆ ಬರಲಿಲ್ಲ. ಆಯಿಲು ಕಪ್ಪಗೆ ಚೊಕ್ಕವಾಗಿತ್ತು.

“ಇದನ್ನ ಯಾರೂ ಒಣಗ್ಸಿ ಓಡ್ಸಿಲ್ಲ ಅಮ್ಮ. ಆ ಹುಡುಗನ್ನ ಬಿಟ್ಬಿಡಿ” ಎಂದರು ಸಿದ್ದಪ್ಪನವರು.

ಪ್ರಮೋದನಿಗೆ ಫೋನ್ ಮಾಡಬೇಕು. ಮಾಡಲಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದು ಕಣ್ಣ ಮುಂದೆ ಬರುತ್ತದೆ, ನಾಚಿಕೆಯಾಗುತ್ತದೆ.

ಆಮೇಲೆ ಎಂಜಿನ್ ಕಾಯಿಸಿ, ಆಫ್ ಮಾಡಿ, ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿದರು. ನನ್ನ ಕೈಯನ್ನೂ ಇಡಿಸಿದರು. ಮೇಲೆ ಸುಡುತ್ತಿತ್ತು. ನಡುವೆ ಅಲ್ಲಲ್ಲಿ ತಣ್ಣಗಿತ್ತು. ತಣ್ಣಗಿರುವ ಕಡೆ ಒಳಗೆ ನೀರು ಓಡುತ್ತಿಲ್ಲ, ಏನೋ ಕಟ್ಟಿಕೊಂಡಿದೆ. ಬಿಚ್ಚಿ ಸಿದ್ದಾಪುರಕ್ಕೆ ಒಯ್ಯಬೇಕು, ಅಲ್ಲಿ ರೇಡಿಯೇಟರ್ ಕೆಲಸದವರಿದ್ದಾರೆ ಎಂದರು. ಸಿದ್ದಾಪುರ ಎಂದ ಕೂಡಲೇ ನಾನು ರೇಡಿಯೇಟರಿನ ಮೇಲಿಂದ ಕೈ ತೆಗೆದೆ.

ಜೂನ್ 27, ಶುಕ್ರವಾರ

ಏಪ್ರಿಲ್ ನಂತರ ಆ ರಸ್ತೆಗೆ ಹೋಗಿರಲಿಲ್ಲ. ಆಟೊದಲ್ಲಿ ರೇಡಿಯೇಟರ್ ನಮ್ಮಿಬ್ಬರ ಕಾಲ ಬಳಿ. ಅಶೋಕ ಪಿಲ್ಲರ್ ದಾಟಿದ ಮೇಲೆ ನಾನು ರಸ್ತೆಯ ಇನ್ನೊಂದು ಬದಿ ನೋಡುತ್ತ ಕುಳಿತೆ. ಆದರೂ ಕಾಂಪೌಂಡಿನ ನೆರಳು ಕಂಡಿತು, ಎಳನೀರಿನವನ ಗಾಡಿ ಕಂಡಿತು. ಅವರನ್ನು ಮೊದಲು ನೋಡಿ ಓಡಿ ಬಂದವನು ಒಬ್ಬ ಎಳನೀರಿನವನೇ ಅಂತೆ. ಇವನೇ ಇರಬೇಕು. ಇಳಿದು ಕೇಳುವ ಧೈರ್ಯವಾಗಲಿಲ್ಲ. ಏನೆಂದು ಕೇಳುವುದು?

ರೇಡಿಯೇಟರ್ ಕೆಲಸದ ಮಹಾಂತೇಶ್ ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ತೆರೆದ. ಒಳಗೆ ಸಾಲು ಸಾಲು ಸಣ್ಣ ಕೊಳವೆಗಳ ಬಾಯಿ. ಅರ್ಧಕ್ಕರ್ಧ ಬಿಳಿಯ ಗಾರೆ ತುಂಬಿ ಮುಚ್ಚಿಹೋಗಿದ್ದವು. ಅವನು ಸ್ಕ್ರೂಡ್ರೈವರಿನಿಂದ ಒಂದು ಚಕ್ಕೆ ಎಬ್ಬಿಸಿ ನನ್ನ ಅಂಗೈಗೆ ಹಾಕಿದ.

“ಬೋರ್ ನೀರಕ್ಕ. ಇದು ಒಂದಿನದ್ದಲ್ಲ, ವರ್ಷಗಟ್ಲೆ ಹೊಯ್ದವ್ರೆ.”

ಅವನು ಹೇಳುವುದು ಬೇಕಿರಲಿಲ್ಲ. ಕೈಗೆ ಬಿದ್ದ ಕೂಡಲೇ ನನಗೆ ಗುರುತು ಸಿಕ್ಕಿತು. ಸ್ನಾನದ ಪಾತ್ರೆಯ ಒಳಗಿರುವ ಅದೇ ಗಾರೆ. ದಿನಕ್ಕೊಂದು ಚೊಂಬು. ನೀರು ಸೋರಿ, ಆವಿಯಾಗಿ ಹೋಗುತ್ತದೆ, ಅದರ ಸುಣ್ಣ ಒಳಗೇ ಕೂರುತ್ತದೆ.

ವಾಪಸು ಬರುವಾಗ ಸಿದ್ದಪ್ಪನವರು ತಾವಾಗಿಯೇ ಬಾಯಿಬಿಟ್ಟರು. ನನಗೆ ಮೊದಲ ದಿನದಿಂದಲೂ ಇದೇ ಅನುಮಾನವಿತ್ತು, ಬೇರೆ ಏನಾದರೂ ಇರಲಿ ಎಂದು ಒಂದೊಂದೇ ನೋಡುತ್ತ ಬಂದೆ ಎಂದರು. ಎರಡು ವರ್ಷದ ಹಿಂದೆಯೇ ಕೆಂಪರಾಜುಗೆ ಬೋರ್ ನೀರು ಬೇಡ, ಕೂಲೆಂಟ್ ಹಾಕು ಎಂದು ಹೇಳಿದ್ದರಂತೆ. ನನ್ನ ಗಂಡ ನಕ್ಕುಬಿಟ್ಟಿದ್ದರಂತೆ.

“‘ಅವ್ವಂಗೆ ಬ್ಯಾಡ ಅನ್ನಕಾಗಲ್ಲ ಸಿದ್ದಪ್ಪಣ್ಣ. ಅವ್ಳಿಗೆ ಇದು ಗಾಡಿಯಲ್ಲ, ಎತ್ತು’ ಅಂದ್ರು ಅಮ್ಮ. ವರ್ಷಕ್ಕೊಂದ್ಸಲ ಒಳಗೆ ತೊಳ್ದುಕೊಡಿ ಅಂದ್ರು. ಈ ವರ್ಷ ಸೀಸನ್ ಮುಗೀಲಿ ಅಂತ ಮುಂದಕ್ಕೆ ಹಾಕಿದ್ರು.”

ಚಕ್ಕೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ.

ಜೂನ್ 28, ಶನಿವಾರ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈಗ ನನ್ನ ಕಾಲ. ಹೇಳಬೇಕಾದ ಮಾತನ್ನು ಬೆಳಿಗ್ಗೆಯಿಂದ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೇನೆ. ನಿಮ್ಮ ಮಗನನ್ನು ಬಿಸಿಲಲ್ಲಿ ನಿಲ್ಲಿಸಿದ್ದು ನನ್ನ ಫೋನಲ್ಲ, ನಿಮ್ಮ ಚೊಂಬು. ಇಷ್ಟೇ. ಮುಂದಿನ ಸಲ ಯಾರಾದರೂ ಬಂದು ಕಥೆ ಶುರುವಾಗಲಿ, ಕೊನೆಯ ಸಾಲು ಬರಲಿ. ಅವರ ಮುಂದೆಯೇ ಹೇಳಿ, ಚಕ್ಕೆಯನ್ನು ಅಕ್ಕಯಮ್ಮನ ಕೈಗೆ ಹಾಕುತ್ತೇನೆ.

ಮೂರು ತಿಂಗಳು ಕೇಳಿದ್ದೇನೆ. ಒಂದು ಸಲವಾದರೂ ಹೇಳುವ ಹಕ್ಕು ನನಗಿದೆ.

ಜುಲೈ 1, ಮಂಗಳವಾರ

ಆ ದಿನ ಇವತ್ತೇ ಬಂತು. ಬನಶಂಕರಿಯಿಂದ ಅವರ ಅಕ್ಕನ ಮಗಳು ಬಂದಿದ್ದಳು. ಕಥೆ ಶುರುವಾಯಿತು. ನಾನು ಚಕ್ಕೆ ಕೈಯಲ್ಲಿ ಹಿಡಿದು ಬಾಗಿಲ ಹಿಂದೆ ನಿಂತೆ. ಫೋನಿನ ಮಾತು ಬಂತು, ಗಾಡಿ ಬಿಟ್ಟು ಬರಬೇಡಿ ಅಂದಿದ್ದು ಬಂತು. ಹೊರಗೆ ಕಾಲಿಟ್ಟೆ. ಅಷ್ಟರಲ್ಲಿ ಅವಳು, ಗಾಡಿಗೆ ನೀರು ಇತ್ತಾ ಚಿಕ್ಕಮ್ಮ ಎಂದು ಕೇಳಿದಳು.

“ನೀರಿಲ್ದೆ ನಿಂತಿಲ್ಲ ಕಣೆ ನನ್ ಮಗನ ಗಾಡಿ. ಅವತ್ತೂ ನಾನೇ ಹೊಯ್ದು ಕಳ್ಸಿದ್ದೆ. ಅಷ್ಟಾದ್ರೂ ಮಾಡಿದ್ನಲ್ಲ ಅವನಿಗೆ ಅಂತ ಜೀವ ಹಿಡ್ಕೊಂಡಿದೀನಿ.”

ಚೊಂಬು ಹಿಡಿಯುವ ಹಾಗೆ ಎರಡು ಕೈ ಮುಂದೆ ಮಾಡಿದ್ದರು. ಹೊಯ್ಯುವ ಹಾಗೆ ಬಾಗಿಸಿ ತೋರಿಸಿದರು. ಉಗುರುಗಳ ಸಂದಿಯಲ್ಲಿ ಅಂಗಳದ ಕೆಸರಿತ್ತು. ಆಮೇಲೆ ನನ್ನನ್ನು ನೋಡಿದರು.

ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆ.

ಒಳಗೆ ಬಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂರು ದಿನ ತಿದ್ದಿದ ಮಾತು ಸಕ್ಕರೆಗೆ ಬಂದು ನಿಂತಿತು. ಚಕ್ಕೆಯನ್ನು ಕಸಕ್ಕೆ ಹಾಕಿದೆ. ಅತ್ತೆಗೆ ಕಾಣದಂತೆ ಅದರ ಮೇಲೆ ತೆಂಗಿನ ನಾರು ಮುಚ್ಚಿದೆ.

ಜುಲೈ 4, ಶುಕ್ರವಾರ

ಪ್ರಮೋದನ ಅಂಗಡಿಗೆ ಹೋಗಿ, ತಪ್ಪಾಯಿತು ಎಂದೆ. ನಡುರಸ್ತೆಯಲ್ಲಿ ಅಂದದ್ದನ್ನು ಅಂಗಡಿಯ ಗಿರಾಕಿಗಳ ಮುಂದೆಯೇ ವಾಪಸು ತೆಗೆದುಕೊಂಡೆ. ಅವನು ಬಿಡಿ ದಿವ್ಯ ಅತ್ತಿಗೆ ಎಂದು ಬೇರೆ ಕಡೆ ನೋಡಿದ. ಒಂದು ತಿಂಗಳಿಂದ ತಾನೇ ಕಾರಣವೇನೋ ಎಂದು ಅವನಿಗೂ ಅನ್ನಿಸುತ್ತಿತ್ತಂತೆ.

ಮತ್ತೆ ಗಾಡಿಗೆ ಏನಾಗಿತ್ತು ಎಂದು ಕೇಳಿದ. ವಯಸ್ಸಾಗಿತ್ತು ಎಂದೆ. ಸಿದ್ದಪ್ಪನವರಿಗೂ ಹಾಗೇ ಹೇಳಲು ಹೇಳಿದ್ದೇನೆ. ಅವರು, ನಾನೇನೂ ನೋಡಿಲ್ಲ ಬಿಡಿ ಅಮ್ಮ ಎಂದರು.

ಅತ್ತೆ ಇವತ್ತೂ ಚಕ್ರಕ್ಕೆ ನೀರು ಹೊಯ್ದರು. ಗಾಡಿಗೆ ರೇಡಿಯೇಟರೇ ಇಲ್ಲ ಎಂದು ಅವರಿಗೆ ಗೊತ್ತಿಲ್ಲ. ಜಾರಿ ಬಿದ್ದಾರು ಎಂದು ಕೆಸರಿನ ಮೇಲೆ ಎರಡು ಹಲಗೆ ಹಾಕಿದೆ.

ಜುಲೈ 14, ಸೋಮವಾರ

ಹೊಸ ರೇಡಿಯೇಟರ್, ಹೊಸ ಪಂಪು, ಹಸಿರು ಕೂಲೆಂಟು. ಶಾಮಿಯಾನದ ಕಂಬ, ಕುರ್ಚಿ ಹೇರಿ ಚೆನ್ನಮ್ಮನಕೆರೆಯ ಕಡೆಯಿಂದ ಎರಡು ಸುತ್ತು ಬಂದೆ. ಎಲ್ಲ ಏರಿನಲ್ಲೂ ಸೂಜಿ ನಡುವೆಯೇ ನಿಂತಿತ್ತು. ಸಿದ್ದಪ್ಪನವರು ನಗುತ್ತ ಇಳಿದು ಹೋದರು.

ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಕೆಟ್ಟ ಗಾಡಿಯ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಸಿಟ್ಟು ಸರಿಯಾದ ಗಾಡಿಯ ಮೇಲೆ ಬಂತು. ಮಾರ್ಚಿನಲ್ಲಿ ಎರಡು ದಿನದ ಕೆಲಸವಾಗಿತ್ತು ಇದು. ಸೀಸನ್ ಮುಗಿಯಲಿ ಅಂದರಂತೆ. ಮನೆ ಮುಂದೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹಾರ್ನ್ ಒತ್ತಿಹೋಗಿ ಬೀದಿಯವರೆಲ್ಲ ನೋಡಿದರು.

ಬೆಳಿಗ್ಗೆ ನೀರು ತರುವವರಿಗೆ ಈಗ ಬಾನೆಟ್ ಎತ್ತಿಕೊಡಲೇಬೇಕಾಗುತ್ತದೆ. ಬೋರ್ ನೀರು ಬಿಡುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಆಷಾಢ ಮುಗಿಯಲಿ, ಆರ್ಡರ್ ಬಂದಾಗ ನೋಡೋಣ ಎಂದು ಮುಂದಕ್ಕೆ ಹಾಕಿದ್ದೇನೆ. ನಾನೂ ಹೀಗೇ ಮುಂದಕ್ಕೆ ಹಾ

ವಾಕ್ಯ ಮುಗಿಸುವುದಿಲ್ಲ.

ಜುಲೈ 26, ಶನಿವಾರ

ಶ್ರಾವಣದ ಮೊದಲ ಶನಿವಾರ, ಮೊದಲ ಆರ್ಡರ್. ಪಕ್ಕದ ಬೀದಿಯ ಗೃಹಪ್ರವೇಶ. ಬೆಳಿಗ್ಗೆ ಗಾಡಿ ಒರೆಸಿ ಬಾನೆಟ್ ಎತ್ತಿಟ್ಟೆ. ಅತ್ತೆಮ್ಮ ಸ್ನಾನ ಮಾಡಿ ಬಂದವರು ಎತ್ತಿದ ಬಾನೆಟ್ ನೋಡಿ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಏಪ್ರಿಲ್ ಒಂಬತ್ತರ ನಂತರ ನೀರು ಹೊಯ್ಯುವ ಹೊತ್ತಿಗೆ ಅದು ಅವರಿಗೆ ತೆರೆದು ಕಂಡದ್ದು ಇವತ್ತೇ.

ಅವರ ಕೈಯಿಂದ ಖಾಲಿ ಚೊಂಬು ತೆಗೆದುಕೊಂಡೆ, ನಾನೇ ಹಿಡಿದು ತರುತ್ತೇನೆ ಎಂದೆ. ಬೋರಿನ ನಲ್ಲಿಯನ್ನು ಸುಮ್ಮನೆ ಒಂದು ಗಳಿಗೆ ಬಿಟ್ಟೆ, ಸದ್ದಾಗಲೆಂದು. ಚೊಂಬಿಗೆ ತುಂಬಿದ್ದು ಬ್ಯಾಟರಿಗೆ ಹಾಕುವ ಶುದ್ಧ ನೀರು, ಅಂಗಡಿಯಿಂದ ತಂದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ ಕ್ಯಾನಿನದು. ಅವರ ಶಾಸ್ತ್ರವೊಂದನ್ನು ನಾನು ಮರೆತಿದ್ದೆ.

ಅವರು ಅಂಗೈಗೆ ಒಂದು ಹನಿ ಹಾಕಿಕೊಂಡು ನಾಲಿಗೆಗೆ ಇಟ್ಟುಕೊಂಡರು.

“ಇದು ನಮ್ ಬೋರ್ ನೀರಲ್ಲ.”

“ಹೊಸ ರೇಡಿಯೇಟರ್‌ಗೆ ಅಂಗಡಿ ನೀರೇ ಹಾಕ್ಬೇಕಂತೆ ಅತ್ತೆಮ್ಮ.”

“ಹಳೇದಕ್ಕೇನಾಗಿತ್ತು?”

“ವಯಸ್ಸಾಗಿತ್ತು.”

ಬಹಳ ಹೊತ್ತು ನನ್ನನ್ನೇ ನೋಡಿದರು. ನಾನು ಮುಚ್ಚಳ ಹಿಡಿದು ನಿಂತಿದ್ದೆ, ಅವರ ಮಗ ನಿಲ್ಲುತ್ತಿದ್ದ ಜಾಗದಲ್ಲಿ. ಆಮೇಲೆ ಬಾಗಿ, ಒಂದು ತೊಟ್ಟು ಹೊರಗೆ ಚೆಲ್ಲದಂತೆ, ಹಿಡಿಸುವಷ್ಟು ಹೊಯ್ದರು. ಉಳಿದ ನೀರನ್ನು ತುಳಸಿಗೆ ಹಾಕಿ ನೇರ ಬೋರಿನ ನಲ್ಲಿಯ ಹತ್ತಿರ ಹೋದರು. ನಲ್ಲಿಯ ಬಾಯಲ್ಲಿ ಕಟ್ಟಿದ ಬಿಳಿಯ ಗಾರೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಉಗುರಿನಿಂದ ಕೆರೆದು ನೋಡಿದರು.

ನಾನು ಗೃಹಪ್ರವೇಶದ ಮನೆಗೆ ಕುರ್ಚಿ ಇಳಿಸಿ ಬಂದಾಗಲೂ ಅಲ್ಲೇ ಕುಳಿತಿದ್ದರು. ಮಧ್ಯಾಹ್ನ ಊಟ ಮಾಡಲಿಲ್ಲ. ಕರೆದರೆ ಹಸಿವಿಲ್ಲ ಎಂದರು. ಹೇಳದೆ ಇದ್ದು ಏನು ಉಳಿಸಿದೆ ನಾನು? ಒಂದು ಹನಿ ನೀರು ಎಲ್ಲ ಹೇಳಿಬಿಟ್ಟಿತು.

ಜುಲೈ 29, ಮಂಗಳವಾರ

ಅತ್ತೆಮ್ಮ ಮೂರು ದಿನದಿಂದ ಜಗಲಿಗೆ ಬಂದಿಲ್ಲ. ಚೊಂಬು ಅಟ್ಟದ ಮೇಲಿದೆ. ಗಂಜಿ ಮಾಡಿ ಕೊಟ್ಟೆ. ಎರಡು ಗುಟುಕು.

ಆಗಸ್ಟ್ 3, ಭಾನುವಾರ

ಇವತ್ತು ಚೂಡಾಮಣಿ ಟೀಚರ್ ಬಂದಿದ್ದರು. ಹತ್ತು ವರ್ಷದ ಹಿಂದೆ ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗೆ ಇದ್ದವರು, ಈಗ ಜಯನಗರದಲ್ಲಿ ಸ್ವಂತ ಮನೆ. ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದು, ಸುದ್ದಿ ತಿಳಿದದ್ದೇ ಮೊನ್ನೆಯಂತೆ. ಅತ್ತೆಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು ಕುಳಿತರು. ಟೀಚರ್ ಅವರ ಕೈ ಹಿಡಿದು, ಹೇಗಾಯಿತು ಅಕ್ಕಯಮ್ಮ ಎಂದು ಕೇಳಿದರು.

ನಾನು ಕಾಫಿಗೆ ಹಾಲು ಇಟ್ಟಿದ್ದೆ. ಕಥೆ ಶುರುವಾಯಿತು. ಧ್ವನಿ ಸಣ್ಣಗಿತ್ತು. ಕುರ್ಚಿ ತುಂಬಿಕೊಂಡು ಹೊರಟಿದ್ದು, ಸಿದ್ದಾಪುರ, ಲಾಲ್‌ಬಾಗ್ ಕಾಂಪೌಂಡು. ಗಾಡಿ ಕಾದು ನಿಂತದ್ದು.

“ಗಾಡಿಗೆ ವಯಸ್ಸಾಗಿತ್ತು ಕಣಮ್ಮ” ಎಂದರು.

ನನ್ನ ಮಾತೇ. ನಾನು ಮುಂದಿನ ಸಾಲಿಗೆ ಕಾದೆ. ಬರಲಿಲ್ಲ. ಆದರೆ ಟೀಚರ್ ಬಿಡಬೇಕಲ್ಲ. ಮೂವತ್ತು ವರ್ಷ ಮಕ್ಕಳಿಂದ ಉತ್ತರ ಹೊರಡಿಸಿದವರು.

“ಮನೆಗೆ ಫೋನ್ ಮಾಡಿದ್ದನಂತಲ್ಲ. ಆಗ ದಿವ್ಯ ಏನಂದ್ಲು?”

ಹಾಲು ಉಕ್ಕಿತು. ಒಲೆ ಆರಿಸಲು ಕೈ ಹೋಗಲಿಲ್ಲ.

“ಸೋಡಾ ಕುಡೀರಿ ಅಂದ್ಲು, ಪಾಪ” ಎಂದರು ಅತ್ತೆಮ್ಮ. “ಗ್ಯಾಸ್ಟ್ರಿಕ್ ಅಂದ್ಕೊಂಡ್ವಿ ನಾವಿಬ್ರೂ.”

ಅಷ್ಟೇ ಅಂದರು. ಅದೂ ಅವರಿಗೆ ಕೇಳಿಸಿತ್ತು. ಅವತ್ತಿನಿಂದ ಗೊತ್ತಿತ್ತು.

ಒಲೆ ಒರೆಸಿ, ಉಳಿದ ಹಾಲಿಗೆ ಡಿಕಾಕ್ಷನ್ ಬೆರೆಸಿ, ಹೊರಗೆ ತೆಗೆದುಕೊಂಡು ಹೋದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ. ಟೀಚರ್ ಒಂದು ಗುಟುಕು ಕುಡಿದು ಲೋಟ ನೋಡಿದರು. ಅತ್ತೆಮ್ಮ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನನಗೆ ಕೂರಲು ಪಕ್ಕಕ್ಕೆ ಸರಿದರು.